ಗಂಟೆಯೊಳಗೆ ಕೂತು ಕಲಿಸಿದ ಮೇಷ್ಟ್ರು

ಕಡವಿನ ಗಂಟೆಗಳಿಗೆ ಶ್ರುತಿ ಹಿಡಿಯುವ ವಿದ್ಯೆಯಲ್ಲಿ ನಮ್ಮ ಮೇಷ್ಟ್ರಿಗೆ ಸಮನಾದವರು ಅವರ ಜೀವಿತಕಾಲದಲ್ಲಿ ಇರಲಿಲ್ಲ. ಅವರು ತೀರಿಕೊಂಡ ಮೇಲೂ ಯಾರೂ ಹುಟ್ಟಿಬರಲಿಲ್ಲ. ವರ್ಷದ ಬಹುಪಾಲು ಮಂಜು ಕವಿದಿರುವ ಈ ಹೊಳೆಯಲ್ಲಿ ದೋಣಿ ನಡೆಸುವವರಿಗೆ ದಡ ಕಾಣುವುದಿಲ್ಲ, ಕೇಳಿಸುತ್ತದೆ. ದೋಣಿ ತಾಗುವ ಒಂದೊಂದು ಕಡವಿಗೂ ಒಂದೊಂದು ಗಂಟೆ, ಒಂದೊಂದು ಸ್ವರ. ಸ್ವರ ತಪ್ಪಿದರೆ ದೋಣಿ ದಾರಿ ತಪ್ಪುತ್ತದೆ. ಹಾಗಾಗದಂತೆ ಬದುಕಿದ್ದಾಗ ಒಂದು ತಲೆಮಾರನ್ನೂ ಸತ್ತ ಮೇಲೆ ಇನ್ನೊಂದು ತಲೆಮಾರನ್ನೂ ಕಾಯ್ದ ಈ ಹಿರಿಯರು ಈಗ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಸಂಪುಟಕ್ಕೆ ಬರೆಯುವ ಗೌರವ ಕೊನೆಯ ಶಿಷ್ಯೆಯಾದ ನನ್ನ ಪಾಲಿಗೆ ಬಂದಿದೆ. ಗೌರವ ಎಂಬ ಪದವನ್ನು ಹೊಡೆದುಹಾಕಿ, ಬೇರೆ ಪದ ಸಿಗದೆ, ಮತ್ತೆ ಬರೆದಿದ್ದೇನೆ.

ನಮ್ಮ ಎರಕಮನೆಯಲ್ಲಿ ಸತ್ತವರು ಕೆಲಸಕ್ಕೆ ಬರುವುದು ಅಪರೂಪ, ಆದರೆ ಹೊಸತಲ್ಲ. ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಪ್ರಾಣ ಬಿಟ್ಟವರಲ್ಲಿ ಕೆಲವರು ಅದು ಪೂರ್ತಿಯಾಗುವವರೆಗೆ ಹೋಗಲಾರರು. ಮೇಷ್ಟ್ರು ದೊಡ್ಡ ಕಡವಿಗೆಂದು ಎರಕ ಹೊಯ್ದ ಗಂಟೆಯ ಒಳಮೈಯನ್ನು ಅರದಿಂದ ಉಜ್ಜುತ್ತಿದ್ದಾಗ ಎದೆ ಹಿಡಿದುಕೊಂಡು ಅದರ ಕೆಳಗೇ ಕುಸಿದರಂತೆ. ಅರ್ಧ ಶ್ರುತಿಯ ಆ ಗಂಟೆ ಅಂದಿನಿಂದಲೂ ಶ್ರುತಿಕೋಣೆಯ ಮೂಲೆಯ ತೊಲೆಗೆ ತೂಗಿಕೊಂಡೇ ಇದೆ. ಕಂಚನ್ನು ಉಜ್ಜಿ ತೆಗೆಯಬಹುದು, ಮರಳಿ ಹಚ್ಚಲಾಗದು. ಅದನ್ನು ಮುಟ್ಟುವಷ್ಟು ಕಿವಿ ಯಾರಿಗೂ ಇರಲಿಲ್ಲ. ದೊಡ್ಡ ಕಡವಿನಲ್ಲಿ ಹಳೆಯ ಗಂಟೆಯೇ ಮುಂದುವರಿಯಿತು.

ಕಾಲೇಜು ಮುಗಿಸಿ ಸಹಾಯಕಿಯಾಗಿ ಸೇರಿದ ದಿನ ನಾನು ಶ್ರುತಿಕೋಣೆಯ ಬಾಗಿಲು ದಾಟಿ ನೇರವಾಗಿ ಅವರ ಮೂಲಕವೇ ನಡೆದುಹೋದೆ. ಬೆನ್ನಿಗೆ ತಣ್ಣೀರು ಸುರಿದಂತಾಯಿತು.

"ಸುತ್ತಿ ಹೋಗೋಕೆ ಏನಮ್ಮಾ ರೋಗ? ನಾನೇನು ಬಾಗಿಲಾ?"

ಅದೇ ಮೊದಲ ಪಾಠ. ನೆಲ ಸೋಕದ ಪಾದಗಳಿಂದ ಅವರು ಹೊಸ್ತಿಲಾಚೆ ಚಪ್ಪಲಿ ಕಳಚುತ್ತಿದ್ದರು. ತಮಗಾಗಿ ಕುರ್ಚಿ ಎಳೆದಿಡದಿದ್ದರೆ ಮುನಿಸಿಕೊಳ್ಳುತ್ತಿದ್ದರು. ಕೋಣೆಯಲ್ಲಿದ್ದ ಒಬ್ಬಳೇ ಶಿಷ್ಯೆಯ ಹಾಜರಿಯನ್ನು ದಿನವೂ ಕೂಗುತ್ತಿದ್ದರು. ನಾನು "ಬಂದಿದ್ದೀನಿ ಸಾರ್" ಅನ್ನುವವರೆಗೆ ಕಿಟಕಿಯ ಕಡೆ ನೋಡುತ್ತಿದ್ದರು. ತಾವು ಸತ್ತ ದಿನಕ್ಕೆ ಪ್ರತಿವರ್ಷ ರಜೆ ಕೇಳಿ, ಕೊಟ್ಟ ಮೇಲೆ ಹೋಗಲು ಜಾಗವಿಲ್ಲದೆ ಕೋಣೆಯಲ್ಲೇ ಸುತ್ತಾಡುತ್ತಿದ್ದರು. ಒಂದು ಸೂಜಿಯನ್ನೂ ಎತ್ತಲಾರದ ಅವರು ನಾಲಿಗೆಯೊಂದರಿಂದಲೇ ಕಲಿಸಬೇಕಿತ್ತು, ಅದಕ್ಕೆ ಗಂಟೆಯ ನಾಲಿಗೆಗಿಂತ ಹೆಚ್ಚು ಸದ್ದಿತ್ತು.

ನನಗೋ ಬೀಗ ಹಾಕಿದ ಬಾಗಿಲನ್ನು ಮರಳಿ ಬಂದು ಜಗ್ಗಿ ನೋಡುವ ಸ್ವಭಾವ. ಅರ ಹಿಡಿದರೆ ಕೈ ಮುಂದೆ ಹೋಗುತ್ತಿರಲಿಲ್ಲ. ಉಳಿದವರೆಲ್ಲ ಧೈರ್ಯ ಹೇಳಿದರು. ಮೇಷ್ಟ್ರೊಬ್ಬರೇ ಹೇಳಲಿಲ್ಲ.

"ಹೆದರಿಕೆ ಬಿಡು ಅಂತಾರೆ ಎಲ್ರೂ. ಬಿಡಬೇಡ ಕಣೇ ಅಂಜುಬುರುಕಿ. ಧೈರ್ಯವಂತರು ಕೆಡಿಸಿದ ಗಂಟೆಗಳು ಹಿತ್ತಲಲ್ಲಿ ಬಿದ್ದಿವೆ, ಹೋಗಿ ನೋಡ್ಕೊಂಡ್ ಬಾ. ನೀನು ಹೆದರ್ಕೊಂಡೇ ಉಜ್ಜು. ಆದ್ರೆ ಉಜ್ಜು."

ಹಾಗೆ ನಾನು ಹೆದರುತ್ತಲೇ ಕಲಿತೆ. ನಾನು ಉಜ್ಜುವಾಗ ಸ್ವರ ಹತ್ತಿರದಿಂದ ಕೇಳಲೆಂದು ಅವರು ಗಂಟೆಯೊಳಗೆ ಮಂಡಿ ಮಡಚಿ ಕೂರುತ್ತಿದ್ದರು. ಸರಿಹೋಯಿತು ಎಂದು ಅವರೂ ನಾನೂ ಒಪ್ಪಿದ ನನ್ನ ಮೊದಲ ಗಂಟೆ ಕೆಳಗಿನ ಕಡವಿಗೆ ಹೋಯಿತು. ವಾರ ಕಳೆಯುವುದರೊಳಗೆ ಹೊಳೆಯ ಹಿರಿಯ ಅಂಬಿಗ, ನಾವೆಲ್ಲ ಮಾವ ಎನ್ನುತ್ತಿದ್ದವರು, ತಲೆಯ ವಸ್ತ್ರ ಹಿಂಡುತ್ತ ಬಂದು ನಿಂತರು.

"ನಿಮ್ಮ ಗಂಟೆ ಒಂದೆಳೆ ಮೇಲೆ ಕೂಗ್ತಿದೆಯಲ್ಲಮ್ಮ. ಇವತ್ತು ಮೇಲಿನ ಕಡವು ಅನ್ಕೊಂಡು ತಿರುಗಿಸಿಬಿಡ್ತಿದ್ದೆ."

"ನಿನ್ನ ಕಿವೀಲಿ ನೀರು ಹೊಕ್ಕಿದೆ, ಹೋಗಯ್ಯ!" ಎಂದು ನಾನು ಉಜ್ಜುತ್ತಿದ್ದ ಇನ್ನೊಂದು ಗಂಟೆಯೊಳಗಿನಿಂದ ಮೇಷ್ಟ್ರು.

"ನೀವು ಸತ್ತ ಮೇಲೆ ಬಾಯಿ ಇನ್ನೂ ಜಾಸ್ತಿ ಆಯ್ತು ಮೇಷ್ಟ್ರೇ."

ಗಂಟೆ ಇಳಿಸಿ ತಂದೆವು. ಮೇಷ್ಟ್ರು ಒಳಗೆ ಕೂತಿದ್ದಾಗ ಬಾರಿಸಿದೆ, ಸರಿಯಾಗಿತ್ತು. ಅವರು ಹೊರಗೆ ಬಂದಾಗ ಬಾರಿಸಿದೆ, ಒಂದೆಳೆ ಮೇಲೆದ್ದಿತು. ನೆರಳೂ ಬೀಳದ ಆ ದೇಹ ಗಂಟೆಯ ಸ್ವರವನ್ನು ಕೂದಲೆಳೆಯಷ್ಟು ತಗ್ಗಿಸುತ್ತಿತ್ತು. ನಾವು ಮೇಷ್ಟ್ರನ್ನೂ ಸೇರಿಸಿ ಶ್ರುತಿ ಹಿಡಿದಿದ್ದೆವು. ನನಗೆ ಅಳು ಬಂತು. ಅವರು ಮಾತ್ರ ಗಂಟೆಯೊಳಗೆ ಹೋಗಿ ಹೊರಬಂದು, ಮತ್ತೆ ಒಳಹೋಗಿ, "ಬಾರಿಸು, ಇನ್ನೊಂದ್ಸಲ ಬಾರಿಸು" ಎಂದು ಮಗುವಿನ ಹಾಗೆ ಪೀಡಿಸಿದರು. ಕೊನೆಗೆ, "ನಾನು ಇದ್ದೀನಿ ಅನ್ನೋದಕ್ಕೆ ಸಾಕ್ಷಿ ಸಿಕ್ತು ನೋಡು" ಎಂದು ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಅವರು ನನಗೆ ಮಾಡಿದ ಉಪಕಾರಗಳಲ್ಲಿ ಒಂದನ್ನು ಹೇಳದಿದ್ದರೆ ಈ ಲೇಖನ ಬರೆದೂ ಬರೆಯದಂತೆ. ನನ್ನ ಅಮ್ಮ ಕೆಮ್ಮಿ ಕೆಮ್ಮಿ ತೀರಿಕೊಂಡಾಗ ನನಗಾಗಿ ಹೆಣೆಯುತ್ತಿದ್ದ ಸ್ವೆಟರಿನ ಒಂದು ತೋಳು ಅರ್ಧಕ್ಕೆ ನಿಂತಿತ್ತು. ಕೆಲವು ದಿನಗಳ ಮೇಲೆ ಅಡುಗೆಮನೆಯಿಂದ ಅವಳ ಕೆಮ್ಮು ಕೇಳಿಸಿತು. ಓಡಿಹೋದೆ; ಒಲೆಯ ಮುಂದೆ ಅವಳು ನಿಂತಿದ್ದಳು. ನಾನು ಆ ಸ್ವೆಟರನ್ನು ಯಾರ ಕೈಗೂ ಸಿಗದಂತೆ ಪೆಟ್ಟಿಗೆಯ ತಳದಲ್ಲಿಟ್ಟೆ. ದಿನವೂ ಕೆಲಸ ಬಿಟ್ಟೊಡನೆ ಮನೆಗೆ ಓಡುತ್ತಿದ್ದೆ. ಏನು ಅವಸರವೆಂದು ಮೇಷ್ಟ್ರು ಕೇಳಿದಾಗ ಸಂತೋಷದಿಂದಲೇ ಹೇಳಿದೆ.

ಅವರ ಕೈ ಎದೆಯ ಮೇಲೆ ಹೋಯಿತು. "ಕೆಮ್ಮು ಇನ್ನೂ ಇದೆಯಾ ಅವರಿಗೆ?"

"ಇದೆ."

"ನಂಗೂ ಎದೆನೋವು ಇನ್ನೂ ಇದೆ ಕಣಮ್ಮ. ಅವತ್ತು ಬಂದಿದ್ದು ಬಿಟ್ಟೇ ಇಲ್ಲ."

ಯಾರಿಗೂ ಹೇಳದ ಮಾತನ್ನು ನನಗೆ ಹೇಳಿದರು. ಹೀಗೆ ಮಾಡು ಎಂದು ಒತ್ತಾಯಿಸಲಿಲ್ಲ. ಮನೆಗೆ ಹೋಗಿ ಪೆಟ್ಟಿಗೆ ತೆರೆದೆ. ಅಮ್ಮ ಪಕ್ಕದಲ್ಲಿ ಕೂತು, "ಅಲ್ಲಿ ಒಂದು ಕುಣಿಕೆ ಬಿಟ್ಟೆ ನೋಡು, ನಿಂಗೆ ಯಾವಾಗ್ಲೂ ಆತುರ" ಎಂದು ಬಯ್ಯುತ್ತಿದ್ದಳು. ತೋಳು ಮುಗಿಸಿ ಗಂಟು ಹಾಕಿ ತಲೆಯೆತ್ತಿದಾಗ ಮನೆಯಲ್ಲಿ ಕೆಮ್ಮಿನ ಸದ್ದಿರಲಿಲ್ಲ. ಮರುದಿನ ನಾನು ಆ ಸ್ವೆಟರ್ ತೊಟ್ಟು ಬಂದುದನ್ನು ಮೇಷ್ಟ್ರು ನೋಡಿದರು. ಹಾಜರಿ ಕೂಗಲಿಲ್ಲ, ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು ತಾವು ನಿಂತಿದ್ದರು.

ಅಂದಿನಿಂದ ಅವರು ನಗುವಾಗಲೂ ಬಯ್ಯುವಾಗಲೂ ನನ್ನ ಕಣ್ಣು ಅವರ ಎದೆಯ ಮೇಲಿನ ಕೈಯ ಕಡೆಗೆ ಹೋಗುತ್ತಿತ್ತು. ಮೂಲೆಯ ಗಂಟೆಯನ್ನು ಮುಟ್ಟಲೇ ಎಂದು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಕೈ ಇನ್ನೂ ಹದಕ್ಕೆ ಬಂದಿಲ್ಲ." ಕಳೆದ ಚಳಿಗಾಲದಲ್ಲಿ ದೊಡ್ಡ ಕಡವಿನ ಹಳೆಯ ಗಂಟೆ ಸೀಳಿತು. ಒಡಕು ದನಿ ಮಂಜಿನಲ್ಲಿ ಚದುರಿಹೋಗಿ, ಮಾವನ ದೋಣಿ ತುಂಬಿದ ಜನರೊಂದಿಗೆ ಬಂಡೆಗೆ ಬಡಿಯಿತು. ಈಜಿ ದಡ ಸೇರಿದವರಲ್ಲಿ ಮಾವ ಇರಲಿಲ್ಲ. ಸುದ್ದಿ ಬಂದ ದಿನ ಸಂಜೆ, ಹೊಸ ಎರಕಕ್ಕೆ ವರ್ಷ ಹಿಡಿಯುತ್ತದೆ ಎಂದು ಎರಕಮನೆಯ ಯಜಮಾನರು ಹೇಳುತ್ತಿದ್ದಾಗ ಮೂಲೆಯಿಂದ ಮೇಷ್ಟ್ರ ದನಿ ಬಂತು.

"ನನ್ನ ಗಂಟೆ ಇದೆಯಲ್ಲ. ಇವಳು ಮುಗಿಸ್ತಾಳೆ."

"ಅದು ಮುಗಿದ್ರೆ ನೀವು..." ಎಂದೆ.

"ಎದೆನೋವು ಹೋಗುತ್ತೆ. ಎಷ್ಟು ಲಾಭ ನೋಡು!"

ಆಗಿನಿಂದ ಆ ಗಂಟೆಯ ಮೇಲೆ ನನ್ನ ಅರ ಓಡಾಡುತ್ತಿದೆ. ಮೇಷ್ಟ್ರು ಈ ಸಲ ಒಳಗೆ ಕೂರಲಿಲ್ಲ. ಬಾಗಿಲ ಬಳಿ, ಆದಷ್ಟು ದೂರ ನಿಲ್ಲುತ್ತಾರೆ. "ನಾನಿಲ್ಲದ ಸ್ವರ ಕಲ್ತುಕೋ," ಎನ್ನುತ್ತಾರೆ. ಸ್ವರ ದಿನದಿನಕ್ಕೆ ಹತ್ತಿರವಾಗುತ್ತಿದೆ, ಅವರ ಆಕಾರ ದಿನದಿನಕ್ಕೆ ತೆಳುವಾಗುತ್ತಿದೆ. ನಾನು ಅರ ಕೆಳಗಿಟ್ಟಾಗ ಕಾಯುತ್ತಾರೆ. ಈ ಸಂಪುಟ ಬಿಡುಗಡೆಯಾಗುವ ದಿನ ಬೆಳಿಗ್ಗೆ, ಎಲ್ಲರೂ ಸೇರಿದ ಮೇಲೆ, ಉಳಿದಿರುವ ಕೊನೆಯ ಉಜ್ಜು.

ಈ ಲೇಖನವನ್ನು ಇಲ್ಲಿಯವರೆಗೆ ಅವರಿಗೆ ಓದಿ ಹೇಳಿದ್ದೇನೆ. ಹೊಗಳಿಕೆ ಸಾಲದು ಎಂದರು. ಮಾವನ ಮಾತೊಂದನ್ನು ತೆಗೆಯಬೇಕೆಂದರು, ತೆಗೆಯಲಿಲ್ಲ. ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯ ಕೋರುವುದು ವಾಡಿಕೆಯೆಂದಾಗ, "ಅದನ್ನ ನಾನೇನು ಮಾಡ್ಲಿ? ದೋಣಿಯಲ್ಲಿರೋರಿಗೆ ಕೊಡು," ಎಂದರು. ಅವರ ಅಪ್ಪಣೆಯಂತೆ ದೊಡ್ಡ ಕಡವಿನ ದೋಣಿಗಳಲ್ಲಿ ಕೂತವರಿಗೆಲ್ಲ, ಅವರ ಮಡಿಲ ಮಕ್ಕಳಿಗೆ, ಹುಟ್ಟು ಹಾಕುವ ಕೈಗಳಿಗೆ ದೀರ್ಘಾಯುಷ್ಯ ಕೋರುತ್ತೇನೆ. ಮೇಷ್ಟ್ರ ಸೇವೆ ಆ ಗಂಟೆಯ ದನಿಯಲ್ಲಿ ಮಂಜಿರುವಷ್ಟು ಕಾಲ ಮುಂದುವರಿಯಲಿ.

ಇನ್ನೊಂದು ಮಾತನ್ನೂ ಕೇಳಿಕೊಂಡಿದ್ದಾರೆ. ಪಕ್ಕದ ಬೀದಿಗೆ ಹೊರಟವರಿಗೂ ನಾವು ಬರಿದೇ ಹೋಗಿ ಎನ್ನುವುದಿಲ್ಲ, ಹೋಗಿ ಬನ್ನಿ ಎನ್ನುತ್ತೇವೆ. ತಮ್ಮನ್ನು ಮಾತ್ರ ಹಾಗೆ ಕಳಿಸಬಾರದಂತೆ. "ಬನ್ನಿ ಅಂದ್ರೆ ಬಂದ್ಬಿಡ್ತೀನಿ, ನನ್ನ ಬುದ್ಧಿ ನಿಂಗೆ ಗೊತ್ತಲ್ಲ." ಅಂದು ಅಷ್ಟು ಜನರ ನಡುವೆ ನನ್ನ ಬಾಯಿ ಅಭ್ಯಾಸಬಲದಿಂದ ತಪ್ಪೀತೆಂಬ ಭಯವಿದೆ. ಆದ್ದರಿಂದ ಇಲ್ಲೇ, ಎಲ್ಲರೂ ಓದುವಂತೆ, ಬರೆದಿಡುತ್ತಿದ್ದೇನೆ.

ಮೇಷ್ಟ್ರೇ, ಹೋಗಿ.