ಅರ್ಧ ತುಂಬಿದ ಟ್ಯಾಂಕ್

ಓದು ಕಲಿಸುವುದು ಭಾಷೆಯ ಟೀಚರುಗಳ ಕೆಲಸ, ನನ್ನದಲ್ಲ. ತೆಲುಗು ನಾಡಿನ ತಾರ್ನಾಕದ ಶಾಲೆಯಲ್ಲಿ ಗಣಿತ ಕಲಿಸಲು ಸೇರಿದ ದಿನದಿಂದ ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗ ಮೂಗಿನ ತುದಿಯಲ್ಲಿ ಸಿಟ್ಟೂ ಇರುತ್ತಿತ್ತು.

ನನ್ನ ಪದ್ಧತಿ ಸರಳ. ಇಂಗ್ಲಿಷ್ ಪುಸ್ತಕದ ಲೆಕ್ಕವನ್ನು ನಾನೇ ಗಟ್ಟಿಯಾಗಿ ಓದುವುದು, ತೆಲುಗು ಹಿಂದಿ ಬೆರೆಸಿ ಸಾರಾಂಶ ಹೇಳುವುದು, ಬೇಕಾದ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆಯುವುದು. ಆಮೇಲೆ ಮಕ್ಕಳು ಸರಸರ ಮಾಡಿ ಮುಗಿಸುತ್ತಿದ್ದರು. ವಿಜ್ಞಾನದ, ಸಮಾಜ ವಿಜ್ಞಾನದ ಟೀಚರುಗಳೂ ನನಗಿಂತೇನೂ ಕಮ್ಮಿಯಿರಲಿಲ್ಲ. ಪಾಠ ತಾವೇ ಓದಿ, ಉತ್ತರ ಇರುವ ಸಾಲುಗಳಿಗೆ ಪೆನ್ಸಿಲಿನಿಂದ ಬ್ರಾಕೆಟ್ ಹಾಕಿಸುತ್ತಿದ್ದರು. ಶಾಲೆಯ ಪರೀಕ್ಷೆಗಳಲ್ಲಿ ಯಾರಾದರೂ ಕೈ ಎತ್ತಿದರೆ ನಾನು ಹೋಗಿ ಪ್ರಶ್ನೆ ಓದಿ ಹೇಳುತ್ತಿದ್ದೆ. ಅದನ್ನು ಮಮತೆ ಎಂದೇ ತಿಳಿದಿದ್ದೆ.

ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಲಬುರಗಿ ಕಡೆಯ ಮನೆತನ; ಎಲ್ಲರೆದುರು ತೆಲುಗು ಮಾತಾಡಿದರೂ ಒಬ್ಬಳೇ ಸಿಕ್ಕಾಗ ನನ್ನ ಜೊತೆ ಕನ್ನಡವೇ. ಹಲಗೆಯ ಮೇಲೆ ಅಂಕಿ ಬಿದ್ದರೆ ಸಾಕು, ಉತ್ತರ ಅವಳ ಬಾಯಲ್ಲಿ. ಪಾಲಿಟೆಕ್ನಿಕ್ ಸೇರಬೇಕೆಂದು ಆಸೆ. ಗಣಿತದಲ್ಲಿ ಫೇಲಾದರೆ ಆ ಬಾಗಿಲು ಮುಚ್ಚಿದ ಹಾಗೇ.

ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ನಡೆಸುವ ಪ್ರೀ-ಫೈನಲ್‌ನ ಗಣಿತದ ದಿನ ಬೇರೆ ಟೀಚರ್ ಮೇಲ್ವಿಚಾರಣೆಗೆ ಇದ್ದರು. ವಾಕ್ಯದಲ್ಲಿ ಕೊಟ್ಟ ಲೆಕ್ಕಗಳನ್ನೆಲ್ಲ ಈ ಹುಡುಗಿ ಖಾಲಿ ಬಿಟ್ಟಿದ್ದಳು. ಪೇಪರ್ ಹಿಡಿದು, ಕರೆದು ಬೈದೆ. ಅವಳು ಅಳಲಿಲ್ಲ.

“ನೀವು ಓದಿ ಹೇಳಿದ್ರ ಎಲ್ಲಾ ಬರ್ತಾವ್ರಿ ಟೀಚರ್. ಅವತ್ತು ಯಾರೂ ಓದಲಿಲ್ರಿ.”

ಆ ದಿನ ಮನೆಯಲ್ಲಿ ಊಟ ರುಚಿಸಲಿಲ್ಲ. ತುತ್ತನ್ನು ನಾನೇ ಅಗಿದು ಮಕ್ಕಳ ಬಾಯಿಗಿಟ್ಟು, ಅವರ ಹಲ್ಲು ಗಟ್ಟಿಯಾಗಿವೆ ಎಂದು ಬೀಗಿದ್ದೆ. ಬೈದದ್ದಕ್ಕೂ ನಾಚಿಕೆಯಾಯಿತು.

ಮರುದಿನದಿಂದ ಬಾಯಿ ಮುಚ್ಚಿ ಕುಳಿತೆ. ಒಂದು ಪೀರಿಯಡ್‌ಗೆ ಒಂದೇ ಲೆಕ್ಕ. ಓದುವವರು ಅವರೇ, ಇದರ ಅರ್ಥವೇನೆಂದು ಹೇಳುವವರೂ ಅವರೇ. ರಿವಿಷನ್ ಮುಗಿಯುವುದಿಲ್ಲವೆಂದು ಹೆಡ್‌ಮಾಸ್ಟರ್ ಗೊಣಗಿದರು. ಅವರ ಮಾತೂ ಸುಳ್ಳಲ್ಲ. ನನ್ನ ನಾಲಗೆ ತುರಿಸುತ್ತಿತ್ತು, ಎರಡು ಸಲ ಸೋತೆ ಕೂಡ. ಆದರೆ ನಾನು ಸುಮ್ಮನಿರುವುದನ್ನು ನೋಡಿ ವಿಜ್ಞಾನದ ಟೀಚರ್ ಬ್ರಾಕೆಟ್ ಹಾಕಿಸುವುದನ್ನು ಬಿಟ್ಟರು.

ಹದಿನೈದು ದಿನ ಕಳೆದ ಮೇಲೆ ನೀರಿನ ಟ್ಯಾಂಕಿನ ಲೆಕ್ಕ ಬಂತು, ಹಿಂದೆ ನಾನೇ ಮಾಡಿಸಿದ್ದು. ಬೆರಳಿಟ್ಟು ಓದುತ್ತಿದ್ದ ಅದೇ ಹುಡುಗಿ ಗಕ್ಕನೆ ನಿಂತು, ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

“ಟ್ಯಾಂಕ್ ಮೊದಲೇ ಅರ್ಧ ತುಂಬೇತಿ ಅಂತ ಬರದಾರ್ರಿ,” ಎಂದಳು ಮೆಲ್ಲಗೆ. “ನೀವು ಹೇಳೂವಾಗ ಇದು ಇರಲಿಲ್ಲ.”

ನಿಜ. ಆ ಅರ್ಧವನ್ನು ಮನಸ್ಸಿನಲ್ಲೇ ಕಳೆದು, ಉಳಿದದ್ದನ್ನಷ್ಟೇ ಹಲಗೆಗೆ ಹಾಕಿದ್ದೆ. ಲೆಕ್ಕದಲ್ಲಿ ಯೋಚಿಸಬೇಕಾದ ಜಾಗ ಅದೊಂದೇ ಇತ್ತು. ಅದನ್ನೇ ನಾನು ನುಂಗಿದ್ದೆ.

ಗಣಿತದ ಪಬ್ಲಿಕ್ ಪರೀಕ್ಷೆಯ ದಿನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಕಾದು ನಿಂತೆ. ಹೊರಬಂದವಳು ವಾಕ್ಯದ ಲೆಕ್ಕ ಒಂದನ್ನೂ ಬಿಟ್ಟಿಲ್ಲ ಎಂದಳು. ಓದುವಾಗ ನನ್ನ ಧ್ವನಿ ನೆನಪಾಯಿತೇ ಎಂದು ತಡೆಯಲಾರದೆ ಕೇಳಿಬಿಟ್ಟೆ.

“ಇಲ್ರಿ,” ಎಂದಳು. “ನಂದೇ ಕೇಳಿಸ್ತಿತ್ರಿ.”

ಖುಷಿಗೆ ಕಣ್ಣು ತುಂಬಿತು. ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.