ಶುಕ್ರವಾರದ ಬೂದಿ

ಪಾರ್ವತಕ್ಕ, ಆ ಬೂದಿಬುಟ್ಟಿಯನ್ನು ಹತ್ತಿಕಟ್ಟಿಗೆಯ ಹಿಂದೆ ಇಟ್ಟವಳು ನಾನು. ನೀವಲ್ಲ. ಸವಣೂರಿನ ನಮ್ಮ ಬಚ್ಚಲುಮನೆಗೆ ಬೆಂಕಿ ಬಿದ್ದದ್ದು ನನ್ನಿಂದ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತೇ ಎಂದು ನನ್ನ ಮೇಲೆ ಸಿಟ್ಟು ಉಕ್ಕುತ್ತದೆ. ಸಿಟ್ಟು ಎಂದರೆ ಕಡಿಮೆಯಾಯಿತು — ಈ ಕೈಯನ್ನು ಗೋಡೆಗೆ ಬಡಿಯಬೇಕು ಅನ್ನಿಸುತ್ತದೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಆ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ನೀವು ಹಿರಿಯ ಸೊಸೆ, ಆಡೂರಿನವರು. ನಾನು ಕಾನ್ವೆಂಟಿನವಳು, ಹೈಜೀನ್ ಪಾಠದಲ್ಲಿ ಪ್ರೈಜ್ ಗೆದ್ದವಳು. ಸ್ನಾನದ ನೀರು ಕಾಯಿಸುವ ಒಲೆ ನಿಮ್ಮ ಪಾಲಿನದು. ದೊಡ್ಡ ತಾಮ್ರದ ಹಂಡೆ, ಕೆಳಗೆ ಬಾಯಿ ತೆರೆದ ಒಲೆ, ಆಚೆ ಮೂಲೆಯಲ್ಲಿ ಉರುವಲಿಗೆಂದು ಒಟ್ಟಿದ ಒಣ ಹತ್ತಿಕಟ್ಟಿಗೆ, ಗೋಡೆಯೆಲ್ಲ ಮಸಿ. ಮೊದಲ ದಿನವೇ ನಾನು "ಹೌ ಡರ್ಟಿ" ಎಂದು ಮೂಗು ಮುರಿದೆ. ನೀವು ನಕ್ಕಿರಿ.

"ಇಂಗ್ಲೀಷಿನ್ಯಾಗ ಬೈದ್ರ ಹಂಡೇಕ ತಿಳಿಯಂಗಿಲ್ಲವಾ. ಮಸಿ ಇರಲಿ ಬಿಡು, ಮಸಿ ಸುಡೂದಿಲ್ಲ. ಬೂದಿ ನೋಡಕೋ. ಮ್ಯಾಲ ತಣ್ಣಗ, ಒಳಗ ಕೆಂಡ."

ಆ ಮಾತು ನನ್ನ ಕಿವಿಯಲ್ಲಿತ್ತು. ಕೇಳಿರಲಿಲ್ಲ ಎಂದು ಹೇಳಲಾರೆ.

ದೀಪ ಹಚ್ಚಿದ ಮೇಲೆ ಮನೆಯಿಂದ ಬೂದಿ ಹೊರಗೆ ಹೋಗಬಾರದು, ಶುಕ್ರವಾರವಂತೂ ಮಾತೇ ಇಲ್ಲ, ಹೋದರೆ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ — ಇದು ಅತ್ತೆಯವರ ಕಟ್ಟಳೆ. ಅದಕ್ಕೇ ನೀವು ಬೂದಿಯನ್ನು ಒಲೆಯೊಳಗೇ ಬಿಟ್ಟು, ಬೆಳಿಗ್ಗೆ ನೀರು ಚಿಮುಕಿಸಿ, ತಿಪ್ಪೆಗೆ ಒಯ್ಯುತ್ತಿದ್ದಿರಿ. ಅದು ಸೋಮಾರಿತನವಲ್ಲ, ಸೇಫ್ಟಿ ಎಂದು ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಮನಸ್ಸಿರಲಿಲ್ಲ.

ಆ ಶುಕ್ರವಾರ — ಮರುದಿನ ಬೆಳಿಗ್ಗೆ ನನ್ನ ಕ್ಲಾಸ್‌ಮೇಟ್ ಒಬ್ಬಳು ಧಾರವಾಡದಿಂದ ಬರುವವಳಿದ್ದಳು. ಅವಳು ಈ ಬೂದಿಯ ಗುಡ್ಡೆ ನೋಡಿ ಏನೆಂದಾಳು? ಇಷ್ಟೇ, ಪಾರ್ವತಕ್ಕ. ಇಷ್ಟು ಸಣ್ಣ ನಾಚಿಕೆ. ದೀಪ ಹಚ್ಚಿದ ಮೇಲೆ ನೀವು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ನಾನು ಒಲೆಯನ್ನು ಬಳಿದು ಬುಟ್ಟಿಗೆ ತುಂಬಿದೆ. ತಿಪ್ಪೆಗೆ ಒಯ್ಯಲು ಪಡಸಾಲೆ ದಾಟಬೇಕು, ಅಲ್ಲಿ ಅತ್ತೆಯವರು. ಅವರಿಗೆ ಕಾಣದಿರಲಿ ಎಂದು ಬುಟ್ಟಿಯನ್ನು ಕಟ್ಟಿಗೆಯ ಹಿಂದೆ ತಳ್ಳಿದೆ. ನೀರು ಹಾಕಲಿಲ್ಲ. ಒಲೆಯ ಬಾಯಿ ಸ್ವಚ್ಛವಾಗಿ ಕಂಡದ್ದಕ್ಕೆ ಹೆಮ್ಮೆಪಟ್ಟು ಒಳಗೆ ಹೋದೆ.

ಗಂಡಸರು ಊಟಕ್ಕೆ ಕುಳಿತಾಗ ಹಿತ್ತಿಲಿನ ಬಚ್ಚಲುಮನೆಯಿಂದ ಚಟಪಟ ಸದ್ದು. ಮೊದಲು ಓಡಿದವರು ನೀವು. ಬೆಂಕಿ ದೊಡ್ಡ ಮನೆಗೆ ಹತ್ತಬಾರದೆಂದು ಉರಿಯುವ ಕಟ್ಟಿಗೆಯನ್ನು ಬರಿಗೈಯಿಂದ ಅಂಗಳಕ್ಕೆ ಎಳೆದು ಹಾಕಿದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ನಿಂತೇ ಇದ್ದೆ —

ಬೆಂಕಿ ಆರಿದ ಮೇಲೆ, ಕೈಗೆ ಲೋಳಸರ ಹಚ್ಚಿಸಿಕೊಳ್ಳುತ್ತ, ಎಲ್ಲರೆದುರು ನೀವು ಕೇಳಿದಿರಿ: "ಸರೋಜಾ, ಬೂದಿ ನೀ ಏನರ ತಗದಿದ್ದೇನ?"

"ಇಲ್ರಿ ಅಕ್ಕಾರ. ನಾ ಆ ಕಡೆ ಹೋಗೇ ಇಲ್ಲ."

ನೀವು ನನ್ನ ಮುಖ ನೋಡಿದಿರಿ. ಮತ್ತೆ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ನನ್ನ ಸಿಟ್ಟು ನಿಮ್ಮ ಮೇಲೂ ಇದೆ. ಜುಟ್ಟು ಹಿಡಿದು ಕೇಳಬೇಕಿತ್ತು.

ಅತ್ತೆಯವರು ನಿಮ್ಮ ಸುಟ್ಟ ಕೈಗಳತ್ತ ನೋಡಲೂ ಇಲ್ಲ. "ಇಕಿ ಕೈಯಾಗ ಇನ್ನ ಬೆಂಕಿ ಕೊಡಬ್ಯಾಡ್ರಿ" ಎಂದರು. ಅಷ್ಟೇ. ಆ ಮನೆಯಲ್ಲಿ ನೀವು ಮತ್ತೆ ಒಲೆ ಹಚ್ಚಲಿಲ್ಲ. ಹಿರಿಯ ಸೊಸೆ, ಕಾಳು ಹಸನು ಮಾಡುತ್ತ ಕುಳಿತಿರಿ. ಬಚ್ಚಲುಮನೆ ನನ್ನ ಪಾಲಿಗೆ ಬಂತು. ಕಟ್ಟಿಗೆಯನ್ನು ಹೊರಗಿನ ಚಪ್ಪರಕ್ಕೆ ಹಾಕಿಸಿದೆ, ಬೂದಿಗೆ ಮುಚ್ಚಳದ ಡಬ್ಬಿ ತರಿಸಿದೆ, ಗೋಡೆಗೆ ಸುಣ್ಣ ಹೊಡೆಸಿದೆ. ಓಣಿಯ ಹೆಂಗಸರು ಬಂದು ನೋಡಿ ಹೊಗಳಿದರು. ನಾನು ಹೊಗಳಿಸಿಕೊಂಡೆ! ನನ್ನ ಸೊಸೆಯಂದಿರಿಗೆ "ಕೇರ್‌ಲೆಸ್ ಆದರೆ ನಿಮ್ಮ ದೊಡ್ಡತ್ತೆಯ ಹಾಗೆ ಆಗುತ್ತದೆ" ಎಂದು ಪಾಠವನ್ನೂ ಹೇಳಿದೆ. ಸುಳ್ಳಿಗಿಂತ ನೀಚವಾದದ್ದು ಆ ಪಾಠ.

ನಮ್ಮ ಮನೆಯ ಮದುವೆಗಳಲ್ಲಿ ಅಡಿಗೆಯ ಮೊದಲ ಒಲೆಯನ್ನು ಹಿರಿಯ ಸೊಸೆ ಪೂಜಿಸಿ ಹಚ್ಚಬೇಕು. ಅದೂ ನನಗೇ ಬಂತು. ಪ್ರತಿ ಮದುವೆಯಲ್ಲೂ ನೀವು ಪಕ್ಕಕ್ಕೆ ಸರಿದು, ಸುಟ್ಟು ಮಡಚಿಕೊಂಡ ಆ ಬೆರಳುಗಳಿಂದ ಕಡ್ಡಿಪೆಟ್ಟಿಗೆಯನ್ನು ನನಗೆ ಕೊಟ್ಟಿರಿ. ನಾನು ತೆಗೆದುಕೊಂಡೆ.

ಈಗ ಶಿಗ್ಗಾಂವದಲ್ಲಿ ನಿಮ್ಮ ಮೊಮ್ಮಗಳ ಮದುವೆ. ಒಲೆ ಹಚ್ಚಲು ನನ್ನನ್ನೇ ಕರೆದಿದ್ದಾರೆ — ನಿಮ್ಮ ಮೊಮ್ಮಗಳ ಮದುವೆಗೂ ನನ್ನನ್ನೇ. ಬರುತ್ತೇನೆ. ನಿಮ್ಮೊಬ್ಬರಿಗೆ ಈ ಕಾಗದ ಬರೆದರೆ ಸಾಲದು. ಅಂದು ಕೇಳಿದ್ದು ಎಲ್ಲರೆದುರು, ಸುಳ್ಳು ಹೇಳಿದ್ದೂ ಎಲ್ಲರೆದುರು. ಹಂದರದ ಕೆಳಗೆ ಎಲ್ಲರೂ ಸೇರಿದಾಗ ನಿಂತು ಹೇಳುತ್ತೇನೆ. ಸಾರಿ ಎಂಬ ಪದವನ್ನು ಬಳಸುವುದಿಲ್ಲ, ಅದು ಕಾಲು ತುಳಿದಾಗ ಅನ್ನುವ ಮಾತು. ನೀವು ಕ್ಷಮಿಸುವುದೂ ಬೇಡ.

ಒಂದೇ ಬೇಡಿಕೆ. ಆ ದಿನ ಕಡ್ಡಿಪೆಟ್ಟಿಗೆ ನನ್ನ ಕೈಗೆ ಕೊಡಬೇಡಿ. ನಾನು ಹೇಳಿ ಮುಗಿಸುವ ತನಕ ಆ ಒಲೆ ಹೊತ್ತಬಾರದು.