ಕೆಂಪು ಮಸಿಯ ಹನ್ನೆರಡು

ಗುರುಲಿಂಗಪ್ಪ ಸಿಂದಗಿ ಸೀಮೆಯ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್. ೧೯೭೪ರಲ್ಲಿ ಅಲ್ಲಿಗೆ ಲಸಿಕೆ ಇಡಲು ಸೀಮೆಎಣ್ಣೆಯ ಫ್ರಿಜ್ ಬಂದ ಮೇಲೆ ಅವನ ಬಿಂಕ ನೋಡಬೇಕಿತ್ತು! ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು, ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಕಳೆದು ತೋರಿಸುವುದು ಅವನದೇ ಕೆಲಸ. ಸೊನ್ನೆಗಿಂತ ಕೆಳಗಿನ ಅಂಕಿಗೆ ಕೆಂಪು ಮಸಿ, ಮೇಲಿನದಕ್ಕೆ ನೀಲಿ. ಮೈನಸ್ ಗೆರೆ ಎಳೆದರೆ ಪುಟ ಹೊಲಸಾಗುತ್ತದೆಂದು ತಾನೇ ಮಾಡಿಕೊಂಡ ಪದ್ಧತಿ. ನಾಲ್ಕು ವರ್ಷದಲ್ಲಿ ಒಂದು ಕಾಟೂ ಬಿದ್ದಿರಲಿಲ್ಲ.

ಒಂದು ಬೆಳಿಗ್ಗೆ ಕೆಂಪು ಮಸಿ ಒಣಗಿಹೋಗಿತ್ತು. ಥರ್ಮಾಮೀಟರ್ ಸೊನ್ನೆಗಿಂತ ಎಂಟು ಕೆಳಗಿತ್ತು. ಎಂಟನ್ನು ನೀಲಿಯಲ್ಲೇ ಬರೆದ. ಮಧ್ಯಾಹ್ನ ಫ್ರಿಜ್ಜಿನ ಬತ್ತಿ ನಂದಿ, ಸೊನ್ನೆಗಿಂತ ನಾಲ್ಕು ಮೇಲೆ ಬಂದಿತ್ತು. ಬತ್ತಿ ಹೊತ್ತಿಸಿದವನೇ, ಬೆಳಗಿನ ನೀಲಿ ಎಂಟನ್ನು ಸೊನ್ನೆಯ ಮೇಲಿನದೆಂದೇ ಎಣಿಸಿ, ಅದರಲ್ಲಿ ನಾಲ್ಕು ಕಳೆದು, ‘ಫರಕು ನಾಲ್ಕು’ ಎಂದು ಬರೆದ. ಒಂದೇ ದಿನ ಹತ್ತು ಡಿಗ್ರಿಗಿಂತ ಹೆಚ್ಚು ಫರಕು ಬಿದ್ದರೆ ಲಸಿಕೆ ಚೆಲ್ಲಬೇಕೆಂದು ಮೇಲಿನವರ ಹುಕುಂ. ನಾಲ್ಕೇ ಅಲ್ಲವೇ, ನಿಶ್ಚಿಂತೆಯಿಂದ ಮನೆಗೆ ಹೋದ.

ಮರುದಿನ ಅದೇ ಲಸಿಕೆ ಹಿಡಿದು ಚಂದವ್ವನ ಕುರಿಹಟ್ಟಿಗೆ ಬಂದ. ಪಕ್ಕದ ಊರಲ್ಲಿ ಕುರಿಗಳಿಗೆ ಸಿಡುಬು ಬಂದಿತ್ತು. ಅರವತ್ತು ಕುರಿಗಳೇ ಅವಳ ಬದುಕು. ಸೂಜಿ ಕುದಿಯಲು ಇಟ್ಟಾಗ ಚಂದವ್ವ ಬಾವಿಯ ಸವೆದ ಹಗ್ಗ ತೋರಿಸಿದಳು.

“ಲೆಕ್ಕದಾಗ ಶಾಣ್ಯಾ ಅದೀರಿ, ಹೇಳ್ರಿ. ನೀರು ಬಾವಿ ಬಾಯಿಂದ ಒಂಬತ್ತ ಮೊಳ ತೆಳಗ ಐತಿ, ಹಗ್ಗದ ಗಾಲಿ ಮೂರ ಮೊಳ ಮ್ಯಾಲ. ಗಾಲಿಯಿಂದ ನೀರಿಗೆ ಎಷ್ಟ ಮೊಳ ಆಗತೈತಿ?”

“ಹನ್ನೆರಡ,” ಎಂದ ಗುರುಲಿಂಗಪ್ಪ.

ಬಾವಿಯ ಬಾಯಿಯೇ ಸೊನ್ನೆ. ಕೆಳಗಿನದೂ ಮೇಲಿನದೂ ಕೂಡಬೇಕು. ಹಾಗಾದರೆ ನಿನ್ನೆಯದು ನಾಲ್ಕಲ್ಲ, ಎಂಟೂ ನಾಲ್ಕೂ ಹನ್ನೆರಡು! ಲಸಿಕೆ ಕೆಟ್ಟಿದೆ. ಚುಚ್ಚಿದರೆ ಯಾರಿಗೂ ಗೊತ್ತಾಗದು, ರಿಜಿಸ್ಟರ್ ಚೊಕ್ಕ ಇದೆ. ಅವನಿಗೆ ನಿಜಕ್ಕೂ ಅಂಜಿಕೆಯಾಯಿತು, ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

“ಚಂದವ್ವಾ, ಈ ಔಷಧ ಚೆಲ್ಲಬೇಕು. ತಪ್ಪು ನಂದು.”

ಚಂದವ್ವ ಅವನನ್ನು ಒಮ್ಮೆ ನೆಟ್ಟಗೆ ನೋಡಿದಳು. “ಚೆಲ್ರಿ. ಕುರಿ ಹಟ್ಟಿ ಬಿಟ್ಟು ಹೊರಗ ಬಿಡಂಗಿಲ್ಲ, ಹೊಸಾದು ತರ್ರಿ.”

ಬಸ್ಸು ಹಿಡಿದು ಸಿಂದಗಿಗೆ ಹೋಗಿ, ಥರ್ಮಾಸಿನಲ್ಲಿ ಐಸು ತುಂಬಿ, ಹೊತ್ತು ಮುಳುಗುವುದರೊಳಗೆ ಹೊಸ ಲಸಿಕೆ ತಂದ. ಅರವತ್ತೂ ಕುರಿಗಳಿಗೆ ಚುಚ್ಚಿದ. ಒಂದಕ್ಕೂ ಸಿಡುಬು ಬರಲಿಲ್ಲ.

ಅವತ್ತೇ ಕೆಂಪು ಮಸಿಯನ್ನೂ ಕೊಂಡು ತಂದಿದ್ದ. ರಿಜಿಸ್ಟರಿನಲ್ಲಿ ಫರಕಿನ ನಾಲ್ಕಕ್ಕೆ ಕಾಟು ಹೊಡೆದು, ತಿದ್ದಿದ್ದು ಎದ್ದು ಕಾಣಲೆಂದೇ ಪಕ್ಕದಲ್ಲಿ ಹನ್ನೆರಡು ಎಂದು ಕೆಂಪಗೆ ಬರೆದ. ನೀಲಿ ಎಂಟಕ್ಕೆ ಮೈನಸ್ ಗೆರೆ ಎಳೆದ, ಅಂದಿನಿಂದ ಆ ಗೆರೆಯನ್ನು ಒಮ್ಮೆಯೂ ಬಿಡಲಿಲ್ಲ.

ಮುಂದಿನ ವರ್ಷ ಬೇರೆ ಕಂಪೌಂಡರ್ ಬಂದಾಗ ಚಂದವ್ವ ಹಟ್ಟಿಯ ಬಾಗಿಲು ತೆರೆಯಲಿಲ್ಲ. “ಹೋದ ವರ್ಷ ಔಷಧ ಚೆಲ್ಲಿದವ್ರು ಅದಾರಲ್ಲ,” ಎಂದಳು, “ಅವರನ್ನ ಕಳಸ್ರಿ.”